ಖಾಲಿ ಗ್ಯಾರೇಜಿನ ಕಾರು

ಪಕ್ಕದ ಮನೆಯ ಮುದುಕರ ಕಾರನ್ನು ಕಣ್ಣಿಂದ ನೋಡುವುದಕ್ಕೆ ಎಷ್ಟೋ ವರ್ಷ ಮೊದಲೇ ಅದರ ವಿಷಯ ನನಗೆ ಬಾಯಿಪಾಠವಾಗಿತ್ತು. ಬಣ್ಣ ಕರಿಬೇವಿನ ಎಲೆಯ ಹಸಿರು. ಮೂತಿಯಿಂದ ಬಾಲದವರೆಗೆ ಎರಡು ಬಿಳಿ ಪಟ್ಟಿ. ಎಂಟು ಸಿಲಿಂಡರಿನ ಎಂಜಿನ್. ಅಮೆರಿಕದ್ದಾದ್ದರಿಂದ ಸ್ಟಿಯರಿಂಗ್ ಎಡಗಡೆ. ಅರವತ್ತರ ದಶಕದ ಕೊನೆಯಲ್ಲಿ ಅಲ್ಲಿನ ಹುಡುಗರು ಹುಚ್ಚು ಹಿಡಿಸಿಕೊಂಡಿದ್ದ ಜಾತಿಯ ಕಾರು ಅದು. ಮಸಲ್ ಕಾರ್ ಅನ್ನುತ್ತಾರೆ, ಅಂದರೆ ಜಟ್ಟಿಯಂಥ ಕಾರು. ಕಂಪನಿಯ ಹೆಸರನ್ನಾಗಲಿ ಮಾಡೆಲ್ಲಿನ ಹೆಸರನ್ನಾಗಲಿ ನಾನು ಹೇಳುವುದಿಲ್ಲ. ಹೇಳಿದರೆ ತಿಳಿದವರು ಒಂದೊಂದು ಮಾತನ್ನೂ ತಿದ್ದಲು ಬರುತ್ತಾರೆ, ನನಗೆ ಅಷ್ಟು ತಾಳ್ಮೆ ಇಲ್ಲ.

ನಾವು ಲಂಡನ್ನಿನ ಅಂಚಿನ ಹೇಸ್‌ಗೆ ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಗಂಡ ಸರ್ಕಾರಿ ಆಸ್ಪತ್ರೆಯಲ್ಲಿ ಎಲುಬಿನ ಡಾಕ್ಟರು. ನಾನು ವಿಮಾನ ನಿಲ್ದಾಣದ ಹತ್ತಿರದ ಒಂದು ಗೋದಾಮಿನ ಆಫೀಸಿನಲ್ಲಿ ಫೋನಿಗೆ ಉತ್ತರ ಹೇಳುತ್ತಿದ್ದೆ. ಧಾರವಾಡದಲ್ಲಿ ಸುತ್ತ ಅಂಗಳವಿದ್ದ ಮನೆಯಲ್ಲಿ ಬೆಳೆದವಳಿಗೆ ಇಲ್ಲಿನ ಸಾಲುಮನೆ ರೈಲಿನ ಡಬ್ಬಿಯಂತೆ ಕಂಡಿತ್ತು. ಒಂದು ಗೋಡೆ ನಮಗೂ ಪಕ್ಕದವರಿಗೂ ಸೇರಿದ್ದು. ತಲೆಯ ಮೇಲೆ ವಿಮಾನಗಳು ಎಷ್ಟು ಕೆಳಗೆ ಹಾರುತ್ತಿದ್ದವೆಂದರೆ ಮಾತಿನ ನಡುವೆ ನಿಲ್ಲಿಸಿ, ಅದು ಹೋದ ಮೇಲೆ ಅಲ್ಲಿಂದಲೇ ಮುಂದುವರಿಸುವುದು ರೂಢಿಯಾಯಿತು. ನಮ್ಮದು ಸಾಲಿನ ಕೊನೆಯಿಂದ ಎರಡನೆಯ ಮನೆ. ಕೊನೆಯದು ಮುದುಕರದ್ದು. ಕೊನೆಯ ಮನೆಯಾದ್ದರಿಂದ ಅವರಿಗೆ ಪಕ್ಕದಲ್ಲೊಂದು ಗ್ಯಾರೇಜಿತ್ತು, ಮುಂದೆ ಹಳದಿ ಅಂಚಿನ ಸಣ್ಣ ಸಣ್ಣ ಎಲೆಗಳ ಬೇಲಿಯಿತ್ತು.

ಆ ಬೇಲಿಯಿಂದಲೇ ಪರಿಚಯವಾಯಿತು, ಅದೂ ಕಳ್ಳತನದಿಂದ.

ನಮ್ಮ ಕಡೆ ದಸರೆಯ ಸಂಜೆ ಬನ್ನಿ ಕೊಡದಿದ್ದರೆ ಹಬ್ಬ ಆದಂತೆಯೇ ಅಲ್ಲ. ಬನ್ನಿ ಮರದ ಎಲೆಯನ್ನು ಬಂಗಾರವೆಂದು ಕೈಗೆ ಕೊಟ್ಟು, ‘ಬನ್ನಿ ತಗೊಂಡು ಬಂಗಾರದಂಗ ಇರೋಣು’ ಅನ್ನಬೇಕು. ಕಿರಿಯರು ಹಿರಿಯರ ಮನೆಗೆ ಹೋಗಿ ಕೊಟ್ಟು ಕಾಲಿಗೆ ಬೀಳುತ್ತಾರೆ. ವರ್ಷವೆಲ್ಲ ಮುಖ ತಿರುಗಿಸಿಕೊಂಡು ಓಡಾಡಿದವರು ಕೂಡ ಅಂದು ಬನ್ನಿ ಕೊಟ್ಟು ತೆಗೆದುಕೊಂಡರೆ ಜಗಳ ಮುಗಿಯಿತು, ಹಳೆಯದನ್ನು ಮತ್ತೆ ಎತ್ತುವಂತಿಲ್ಲ. ಹೇಸ್‌ನಲ್ಲಿ ಬನ್ನಿ ಮರ ಎಲ್ಲಿ ಸಿಗಬೇಕು? ಮೊದಲ ವರ್ಷ ನನ್ನ ಗಂಡ ಕಿಟಕಿಯಿಂದ ಹೊರಗೆ ನೋಡಿ ಹೇಳಿದರು, “ಆ ಬೇಲಿ ಎಲಿ ನೋಡು, ಖರೇನ ಬಂಗಾರದ ಬಣ್ಣದ್ದ ಅದ.”

“ಕೇಳಿ ತಗೋರಿ,” ಅಂದೆ.

“ನಾಕ ಎಲಿಗೆ ಏನ ಕೇಳೋದು,” ಅಂದರು. ಜುಬ್ಬಾ ತೊಟ್ಟು, ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಹೋಗಿ ಕೀಳತೊಡಗಿದರು. ಬಾಗಿಲು ತೆರೆಯಿತು. ಎತ್ತರದ ಆಳು, ಬಿಳಿ ಮೀಸೆ, ಕಾಲಲ್ಲಿ ಮನೆಯ ಚಪ್ಪಲಿ. “ನನ್ನ ಬೇಲಿಗೆ ಏನು ಮಾಡುತ್ತಿದ್ದೀರಿ?” ಎಂದು ಇಂಗ್ಲಿಷಿನಲ್ಲಿ ಕೇಳಿದರು. ದಿನಾ ಜನರ ಎಲುಬು ಕೊರೆಯುವಾಗ ಕೈ ನಡುಗದ ನನ್ನ ಗಂಡ ಅಲ್ಲಿ ನಡುಗಿಬಿಟ್ಟರು. ಏನೂ ತೋಚದೆ ಕಿತ್ತ ಎಲೆಗಳನ್ನು ಅವರ ಕೈಗೇ ತುರುಕಿ, ಬಗ್ಗಿ ಚಪ್ಪಲಿ ಮುಟ್ಟಿ ನಮಸ್ಕರಿಸಿದರು. ಮುದುಕರು ಒಂದು ಹೆಜ್ಜೆ ಹಿಂದೆ ಸರಿದರು. ನಾನು ಓಡಿಹೋಗಿ ಹಬ್ಬದ ವಿಷಯ ವಿವರಿಸಿದೆ.

“ಅಂದರೆ ನನ್ನ ಬೇಲಿಯನ್ನೇ ಕಿತ್ತು ನನಗೇ ಬಂಗಾರ ಅಂತ ಕೊಟ್ಟಿರಿ?” ಅಂದರು.

ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ನನಗೆ ನಗು ಬಂತು, ಅವರಿಗೂ ಬಂತು. ಎಲೆಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಮರುವರ್ಷದಿಂದ ಬೇಲಿ ಕತ್ತರಿಸುವಾಗ ಒಂದು ಕೊಂಬೆಯನ್ನು ಹಾಗೇ ಬಿಡುತ್ತಿದ್ದರು. “ಈ ಸಲ ನಿಮ್ಮ ಬಂಗಾರದ ದಿನ ಯಾವಾಗ?” ಎಂದು ಮೊದಲೇ ಕೇಳಿಕೊಳ್ಳುತ್ತಿದ್ದರು. ನನ್ನ ಗಂಡ ಅವರನ್ನು ಕಾಕಾ ಎಂದು ಕರೆಯಲು ಶುರು ಮಾಡಿದರು. ಅದು ಏನೋ ಗೌರವದ ಪದವಿ ಇರಬೇಕೆಂದು ಅವರು ಒಪ್ಪಿಕೊಂಡರು.

ಕಾಕಾ ಜೀವಮಾನವೆಲ್ಲ ಲಂಡನ್ನಿನ ಬಸ್ಸು ಓಡಿಸಿ ನಿವೃತ್ತರಾದವರು. ಎಪ್ಪತ್ತರ ದಶಕದಲ್ಲಿ, ಇಲ್ಲಿಗೆ ಹತ್ತಿರದಲ್ಲಿ ಅಮೆರಿಕದ ವಾಯುಪಡೆಯವರ ಒಂದು ಠಾಣೆಯಿತ್ತಂತೆ. ಅಲ್ಲಿಂದ ಊರಿಗೆ ಮರಳುತ್ತಿದ್ದ ಒಬ್ಬ ಸೈನಿಕ ಹಡಗಿನಲ್ಲಿ ತರಿಸಿಕೊಂಡಿದ್ದ ಕಾರನ್ನು ಇಲ್ಲೇ ಮಾರಿ ಹೋದ. ಕಾಕಾ ತಗೊಂಡರು. ವಾರವೆಲ್ಲ ಬಸ್ಸಿನಲ್ಲಿ ಬಲಗಡೆ ಕೂತು ಓಡಿಸಿ, ಭಾನುವಾರ ಎಡಗಡೆ ಕೂತು ಇದನ್ನು ಓಡಿಸುತ್ತಿದ್ದರು. ಆ ಸ್ಟಿಯರಿಂಗನ್ನು ಇನ್ನೊಬ್ಬರ ಕೈಗೆ ಕೊಟ್ಟವರಲ್ಲ. ಹೆಂಡತಿ ಕೇಳಿದರೂ ಕೊಡಲಿಲ್ಲ, ಬೆಳೆದ ಮಗ ಕೇಳಿದರೂ ಕೊಡಲಿಲ್ಲ.

ಆದರೆ ಗ್ಯಾರೇಜು ಖಾಲಿ. ಇದನ್ನು ನಾನು ಮೊದಲ ವಾರವೇ ಕಂಡುಕೊಂಡಿದ್ದೆ, ಯಾಕೆಂದರೆ ನಮ್ಮ ಬೀದಿಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದು ಲಾಟರಿ ಹೊಡೆದ ಹಾಗೆ. ಪ್ರತಿ ಭಾನುವಾರ ಬೆಳಿಗ್ಗೆ ಕಾಕಾ ಗ್ಯಾರೇಜಿನ ಬಾಗಿಲೆತ್ತಿ, ಒಳಗೆ ಗುಡಿಸಿ, ಕೀಲುಗಳಿಗೆ ಎಣ್ಣೆ ಬಿಟ್ಟು, ಸ್ವಲ್ಪ ಹೊತ್ತು ಗಾಳಿಯಾಡಿಸಿ ಮುಚ್ಚುತ್ತಿದ್ದರು. ನೆಲದ ನಡುವೆ ಹಳೆಯ ಆಯಿಲ್ ಕಲೆಯೊಂದಿತ್ತು. ಅದನ್ನು ಮಾತ್ರ ತೊಳೆಯುತ್ತಿರಲಿಲ್ಲ, ಅದರ ಸುತ್ತ ಗುಡಿಸುತ್ತಿದ್ದರು. ನನ್ನ ಗಂಡ ಒಮ್ಮೆ ಧೈರ್ಯ ಮಾಡಿ, “ಹೇಗೂ ಖಾಲಿ ಇದೆಯಲ್ಲ, ಬಾಡಿಗೆಗೆ ಕೊಡುತ್ತೀರಾ ಕಾಕಾ?” ಎಂದು ಕೇಳಿದರು.

“ಕಾರು ಬರುತ್ತದಲ್ಲ,” ಅಂದರು ಕಾಕಾ. “ಬಂದಾಗ ಎಲ್ಲಿ ನಿಲ್ಲಿಸಲಿ?”

ನಾನು ಮೊದಮೊದಲು ನಂಬಲಿಲ್ಲ. ಅಂಥ ಕಾರು ಇದ್ದದ್ದೇ ಸುಳ್ಳು, ಒಂಟಿ ಮುದುಕರು ಹೊತ್ತು ಕಳೆಯಲು ಕಟ್ಟಿಕೊಂಡ ಕತೆ ಎಂದೇ ನನ್ನ ತೀರ್ಮಾನ. ಗಂಡನಿಗೆ ಹಾಗೇ ಹೇಳಿದೆ. “ನಿನಗ ಯಾವದರ ಮ್ಯಾಲ ನಂಬಿಗಿ ಅದ ಹೇಳು,” ಎಂದು ಅವರು ರೇಗಿದರು. ಆಮೇಲೆ ಒಂದು ದಿನ ಕಾಕಾ ಚಹಾಕ್ಕೆ ಕರೆದಾಗ ಬೆಂಕಿಗೂಡಿನ ಮೇಲಿದ್ದ ಫೋಟೋ ನೋಡಿದೆ. ತಲೆಗೆ ಸ್ಕಾರ್ಫ್ ಕಟ್ಟಿದ ಹೆಂಗಸು ಉದ್ದನೆಯ ಬಾನೆಟ್ಟಿಗೆ ಒರಗಿ ನಗುತ್ತಿದ್ದಾಳೆ. ಪಕ್ಕದಲ್ಲಿ ಹದಿಹರೆಯದ ಹುಡುಗ, ಮುಖ ಗಂಟು ಹಾಕಿಕೊಂಡು. ಫೋಟೋ ಕಪ್ಪುಬಿಳುಪಿನದು. ಕಾರಿನ ಬಣ್ಣವನ್ನು ಕಾಕಾ ಬಾಯಲ್ಲಿ ಹೇಳಿದರು, ಸದ್ದನ್ನು ಗಂಟಲಲ್ಲಿ ಮಾಡಿ ತೋರಿಸಿದರು. ಎಪ್ಪತ್ತು ದಾಟಿದ ಮನುಷ್ಯ ಕಣ್ಣು ಮುಚ್ಚಿ ಗಂಟಲಾಳದಿಂದ ಗುಡುಗುಡು ಎನ್ನುತ್ತಿದ್ದರೆ ನಗಬೇಕೆನಿಸಲಿಲ್ಲ. ನನಗೆ ಮೈ ಜುಮ್ಮೆಂದಿತು.

ಉಳಿದ ಸಂಗತಿ ಅಂದೇ ತಿಳಿಯಿತು. ತೊಂಬತ್ತರ ದಶಕದ ಹೊಸ್ತಿಲಲ್ಲಿ ಹೆಂಡತಿ ತೀರಿಕೊಂಡರು. ಅಂತ್ಯಕ್ರಿಯೆಯ ವಾರವೇ ಕಾಕಾ ಕಾರನ್ನು ಮಾರುತ್ತೇನೆಂದರು. ಆಕೆ ಕೂರದ ಕಾರು ಯಾಕೆ ಬೇಕು ಎಂದು. ಮಗ, ಅದು ಅಮ್ಮನ ಕಾರು, ಮಾರಬೇಡಿ ಎಂದ. ಮಾತಿಗೆ ಮಾತು ಬೆಳೆಯಿತು. ಮಾರನೆಯ ಬೆಳಿಗ್ಗೆ ಗ್ಯಾರೇಜಿನಲ್ಲಿ ಕಾರಿರಲಿಲ್ಲ, ಮನೆಯಲ್ಲಿ ಮಗನಿರಲಿಲ್ಲ. ಎಲ್ಲಿಂದಲೋ ಫೋನು ಮಾಡಿದಾಗ ಕಾಕಾ ಹೇಳಿದ್ದು ಒಂದೇ ಮಾತು: ಕಾರಿಲ್ಲದೆ ಈ ಮನೆಗೆ ಕಾಲಿಡಬೇಡ. ಅಪ್ಪ ಹಿಡಿದ ಮೊಲಕ್ಕೂ ಮೂರೇ ಕಾಲು, ಮಗ ಹಿಡಿದ ಮೊಲಕ್ಕೂ ಮೂರೇ ಕಾಲು. ಮಗ ಉತ್ತರದ ಯಾವುದೋ ಊರಿನಲ್ಲಿ ನೆಲೆಸಿದ. ಕ್ರಿಸ್‌ಮಸ್ಸಿಗೆ ಸೊಸೆಯ ಕೈಬರಹದಲ್ಲಿ ಒಂದು ಕಾರ್ಡು ಬರುತ್ತಿತ್ತು, ಅಷ್ಟೆ. ಕಾರು ಮಾರಿಹೋಯಿತೋ, ಇದೆಯೋ, ಅದೂ ಕಾಕಾಗೆ ಗೊತ್ತಿರಲಿಲ್ಲ.

ಅಂದಿನಿಂದ ಅವರು ‘ಕಾರು ಬರುತ್ತದೆ’ ಎಂದಾಗಲೆಲ್ಲ ನನಗೆ ‘ಮಗ ಬರುತ್ತಾನೆ’ ಎಂದೇ ಕೇಳಿಸುತ್ತಿತ್ತು. ಬೀದಿಯವರಿಗೆಲ್ಲ ಹಾಗೇ ಕೇಳಿಸುತ್ತಿತ್ತು. ಕಾಕಾ ಮಾತ್ರ ಮಗನ ಸುದ್ದಿ ಎತ್ತುತ್ತಿರಲಿಲ್ಲ, ಕಾರಿನ ಆರೋಗ್ಯವನ್ನೇ ಚಿಂತಿಸುತ್ತಿದ್ದರು. ಚಳಿಗಾಲ ಬಂದರೆ, “ರಸ್ತೆಗೆ ಉಪ್ಪು ಸುರಿಯುತ್ತಾರೆ, ಅಡಿಭಾಗ ತುಕ್ಕು ಹಿಡಿಯುತ್ತದೆ, ಎಚ್ಚರವಿರಬೇಕು” ಎಂದು ಯಾರಿಗೋ ಹೇಳುವಂತೆ ಗೊಣಗುತ್ತಿದ್ದರು. ಕೇಳಬೇಕಾದವನು ಮಾತ್ರ ಅಲ್ಲಿರಲಿಲ್ಲ.

ವರ್ಷಗಳು ಹೋದವು. ನಮ್ಮ ಮಗಳು ಶಾಲೆಗೆ ಹೋಗಿ ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವಷ್ಟು ದೊಡ್ಡವಳಾದಳು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಆ ಬೇಸಿಗೆಯಲ್ಲಿ ಧಾರವಾಡದಿಂದ ನಮ್ಮ ಅತ್ತೆ ಬಂದರು. ಅದೇ ಬೇಸಿಗೆಯ ಒಂದು ಭಾನುವಾರದ ಪತ್ರಿಕೆಯಲ್ಲಿ ದೊಡ್ಡ ಚಿತ್ರ ಹಾಕಿ ಸುದ್ದಿ ಬರೆದಿದ್ದರು: ಅಮೆರಿಕದ ಆ ಕಂಪನಿಯವರು ಆ ಹಳೆಯ ಕಾರನ್ನು ಅದೇ ಚಹರೆಯಲ್ಲಿ ಮತ್ತೆ ಹೊಸದಾಗಿ ಮಾಡುತ್ತಾರಂತೆ. ಜಗತ್ತಿನಾದ್ಯಂತ ಜನ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದಾರಂತೆ. ಅದೇ ಉದ್ದ ಮೂತಿ, ಅದೇ ಎರಡು ಪಟ್ಟಿ. ನನ್ನ ಗಂಡನಿಗೆ ಎಲ್ಲಿಲ್ಲದ ಖುಷಿ. ಪತ್ರಿಕೆ ಹಿಡಿದು ಹೊರಗೆ ಓಡಿದರು. ಕಾಕಾ ಎಂದಿನಂತೆ ಗ್ಯಾರೇಜು ಗುಡಿಸುತ್ತಿದ್ದರು.

“ಕಾಕಾ! ನಿಮ್ಮ ಕಾರು ವಾಪಸ್ ಬರುತ್ತಿದೆ!”

ನಾನು ಅಡುಗೆಮನೆಯಿಂದ ಮುಂದಿನ ಕೋಣೆಗೆ ಬಂದಿದ್ದೆ, ಕಿಟಕಿಯಿಂದ ಎಲ್ಲವೂ ಕಾಣುತ್ತಿತ್ತು. ಕಾಕಾ ಪೊರಕೆ ಬಿಟ್ಟರು. ನನ್ನ ಗಂಡನ ಮುಖವನ್ನೂ ನೋಡಲಿಲ್ಲ, ಕೈಯಲ್ಲಿದ್ದ ಪತ್ರಿಕೆಯನ್ನೂ ನೋಡಲಿಲ್ಲ. ಅವರನ್ನು ದಾಟಿ ನೇರ ರಸ್ತೆಗೆ ಹೋಗಿ ನಿಂತು ಆ ಕಡೆ ನೋಡಿದರು, ಈ ಕಡೆ ನೋಡಿದರು. ಮತ್ತೆ ಆ ಕಡೆ ನೋಡಿದರು. ಒಂದು ಕೈ ತಲೆಗೂದಲನ್ನು ಸವರಿ ಸರಿಮಾಡಿಕೊಂಡಿತು.

ನನ್ನ ಗಂಡನಿಗೆ ಆಗ ಅರ್ಥವಾಯಿತು. ಪತ್ರಿಕೆ ಮಡಚಿ ಬೆನ್ನ ಹಿಂದೆ ಇಟ್ಟುಕೊಳ್ಳಲು ನೋಡಿದರು. ಕಾಕಾ ತಿರುಗಿ ಬಂದು ಕೈ ಚಾಚಿದರು. ಚಿತ್ರವನ್ನು ಬಹಳ ಹೊತ್ತು ನೋಡಿ, “ಚೆನ್ನಾಗಿದೆ. ಯಾರಿಗೋ ಒಳ್ಳೆಯದಾಗುತ್ತದೆ,” ಎಂದು ಮರಳಿ ಕೊಟ್ಟರು. ಅಷ್ಟು ಮರ್ಯಾದೆಯಿಂದ ಕೊಟ್ಟರು. ಗಂಡ ಒಳಗೆ ಬಂದದ್ದೇ ತಡ, “ಬಾಯಿ ಅದ ಅಂತ ಏನರೆ ಒದರೋದಾ?” ಎಂದು ಝಾಡಿಸಿದೆ. ಅವರು ಆ ದಿನ ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. “ಮಗಾ ಜೀವಂತ ಇದ್ದಾನೋ ಇಲ್ಲೋ?”

“ಇದ್ದಾನ್ರಿ ಅತ್ತಿ.”

“ಮತ್ತ ಸಾಹೇಬ್ರು ಕಾರಿನ ಹಾದಿ ಯಾಕ ಕಾಯ್ತಾರ?”

ಅತ್ತೆ ಕಾಕಾ ಅವರನ್ನು ಸಾಹೇಬ್ರು ಅನ್ನುತ್ತಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೂ ಬೇಲಿಯ ಆಚೆ ಈಚೆ ನಿಂತು ಕೊತ್ತಂಬರಿ ಬೆಳೆಯುವುದರ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಿದ್ದರು.

ಆ ವರ್ಷದ ದಸರೆಗೆ ಕಾಕಾ ಅವರನ್ನು ಊಟಕ್ಕೆ ಕರೆದೆವು. ಅತ್ತೆ ಹೋಳಿಗೆ ಮಾಡಿ, ತುಪ್ಪ ಸುರಿದು, ಹಾಲು ಹಾಕಿಕೊಂಡು ತಿನ್ನುವುದನ್ನು ಕೈಸನ್ನೆಯಲ್ಲೇ ಕಲಿಸಿದರು. ಬನ್ನಿ ಕೊಡುವ ಹೊತ್ತಿಗೆ ಕಾಕಾ, ಎಲೆಗೇಕೆ ಇಷ್ಟು ಮಹತ್ವ ಎಂದು ಕೇಳಿದರು. ಅತ್ತೆ ಹೇಳಿದ್ದನ್ನು ನಾನು ಇಂಗ್ಲಿಷಿಗೆ ದಾಟಿಸುತ್ತ ಹೋದೆ. ಬಹಳ ಹಿಂದೆ ರಾಜ್ಯ ಕಳಕೊಂಡ ಅಣ್ಣತಮ್ಮಂದಿರು ತಮ್ಮ ಆಯುಧಗಳನ್ನೆಲ್ಲ ಗಂಟು ಕಟ್ಟಿ ಬನ್ನಿ ಮರದ ಮೇಲೆ ಬಚ್ಚಿಟ್ಟು, ವರ್ಷವಿಡೀ ತಲೆಮರೆಸಿಕೊಂಡು ಬದುಕಿ, ಈ ದಿನ ಬಂದು ಇಳಿಸಿಕೊಂಡರು.

“ವರ್ಷವಿಡೀ ಮಳೆಗಾಳಿಯಲ್ಲಿ?” ಕಾಕಾ ಚಮಚ ಕೆಳಗಿಟ್ಟರು. “ತುಕ್ಕು ಹಿಡಿದಿರಲಿಲ್ಲವೇ?”

ಅತ್ತೆಗೆ ಈ ಪ್ರಶ್ನೆಯನ್ನು ಹುಟ್ಟಿದಾಗಿನಿಂದ ಯಾರೂ ಕೇಳಿರಲಿಲ್ಲ. ಕ್ಷಣ ಯೋಚಿಸಿ, “ನಂಬಿ ಇಟ್ಟದ್ದಕ್ಕ ತುಕ್ಕ ಹಿಡಿಯಂಗಿಲ್ಲ ಅಂತ ಹೇಳವಾ ಅವ್ರಿಗೆ,” ಅಂದರು. ಹೇಳಿದೆ. ಕಾಕಾ ಮೆಲ್ಲಗೆ ಕೇಳಿದರು, “ಕಿರಿಯರೇ ಹಿರಿಯರಿಗೆ ತಂದು ಕೊಡಬೇಕು ಅಂತ ನೀವು ಮೊದಲು ಹೇಳಿದ್ದಿರಿ. ಕಿರಿಯವನು ಬರದಿದ್ದರೆ, ಹಿರಿಯವನು ಮೊದಲು ಕೊಡಬಹುದೇ?”

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಶಾಸ್ತ್ರದ ವಿಷಯದಲ್ಲಿ ಅತ್ತೆ ಕಟ್ಟುನಿಟ್ಟು, ಒಂದು ದರ್ಭೆ ಆಚೀಚೆ ಆದರೂ ಸಹಿಸುವವರಲ್ಲ. ಇಲ್ಲ ಎಂದುಬಿಟ್ಟರೆ ಏನು ಮಾಡುವುದೆಂದು ನಾನು ಹೆದರಿದ್ದೆ.

“ಬನ್ನಿಗೆ ಎಲ್ಲೀ ಹಿರೇರು ಕಿರೇರು?” ಅಂದರು ಅತ್ತೆ, ಹೋಳಿಗೆ ಮಗುಚುತ್ತಲೇ. “ಯಾರಿಗೆ ಮೊದಲ ಬುದ್ಧಿ ಬರ್ತದೋ ಅವ್ರು ಕೊಡಬೇಕು. ಹಂಗ ಹೇಳು, ಮೆತ್ತಗ ಮಾಡಬ್ಯಾಡ.”

ಹಾಗೇ ಹೇಳಿದೆ. ಕಾಕಾ ಜೋರಾಗಿ ನಕ್ಕುಬಿಟ್ಟರು. ಕೈ ತೊಳೆದು ಮನೆಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಅವರು ಬೇಲಿಯ ಎಲೆ ಕಿತ್ತು ಲಕೋಟೆಯೊಂದಕ್ಕೆ ಹಾಕುವುದು, ಕೋಟು ತೊಟ್ಟು ಮೂಲೆಯ ಅಂಚೆ ಡಬ್ಬದ ಕಡೆಗೆ ನಡೆಯುವುದು ಕಾಣಿಸಿತು. ಏನು ಬರೆದಿರಿ ಎಂದು ಮರುದಿನ ಕೇಳಿದೆ. “ಬರೆಯುವುದೇನು? ಎಲೆ ಕೊಟ್ಟರೆ ಜಗಳ ಮುಗಿಯಿತು ಅಂದಿರಲ್ಲ. ಎಲೆ ಮಾತ್ರ ಹಾಕಿದೆ. ಹಿಂದೆ ನನ್ನ ಹೆಸರು, ವಿಳಾಸ,” ಅಂದರು.

ಬನ್ನಿ ಅಂದರೇನೆಂದು ಆ ಮಗನಿಗೆ ಏನು ಗೊತ್ತು? ಹದಿನೈದು ವರ್ಷದ ಹತ್ತಿರ ಹತ್ತಿರ ಮಾತು ಬಿಟ್ಟ ಅಪ್ಪನಿಂದ ಒಂದು ಹಿಡಿ ಬೇಲಿ ಎಲೆ ಬಂದರೆ ಅವನು ಏನೆಂದುಕೊಳ್ಳಬೇಕು? ಅಣಕವೆಂದುಕೊಂಡರೆ? ಇಷ್ಟು ವರ್ಷ ನಮ್ಮ ಜೊತೆ ಆಡಿ ಆಡಿ, ಈ ಹಬ್ಬ ಲೋಕಕ್ಕೆಲ್ಲ ಗೊತ್ತಿರುವುದೇ ಎಂದು ಕಾಕಾ ನಂಬಿಬಿಟ್ಟಿದ್ದರು. ಇನ್ನೊಂದು ಸಾಲು ಬರೆದು ಹಾಕಿ ಎನ್ನಲು ಬಾಯಿ ತೆರೆದೆ. ಅವರ ಮುಖದ ನೆಮ್ಮದಿ ನೋಡಿ ಸುಮ್ಮನಾದೆ.

ಮುಂದಿನ ಶನಿವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಅತ್ತೆ ರೊಟ್ಟಿ ತಟ್ಟುತ್ತಿದ್ದರು, ನಾನು ಬೇಯಿಸುತ್ತಿದ್ದೆ. ತೊಳೆದು ಬೋರಲು ಹಾಕಿದ್ದ ಸ್ಟೀಲ್ ಲೋಟಗಳು ತಾವಾಗಿಯೇ ಕಿಣಿಕಿಣಿ ಎಂದವು. ವಿಮಾನಕ್ಕೆ ನಮ್ಮ ಲೋಟಗಳು ಎಂದೋ ಒಗ್ಗಿಹೋಗಿದ್ದವು, ಹೀಗೆ ಎಂದೂ ಸದ್ದು ಮಾಡಿದ್ದಿಲ್ಲ. ಇದು ಮೇಲಿನಿಂದ ಬಂದದ್ದಲ್ಲ. ನೆಲದಿಂದ, ಪಾದದ ಮೂಲಕ ಹೊಟ್ಟೆಗೆ ಏರಿತು. ಅತ್ತೆಯ ಕೈ ಹಿಟ್ಟಿನ ಮೇಲೆ ನಿಂತಿತು. “ಗುಡುಗೇನ?” ಅಂದರು.

ನನಗೆ ಗೊತ್ತಾಯಿತು. ಆ ಸದ್ದನ್ನು ನಾನು ಒಬ್ಬ ಮುದುಕರ ಗಂಟಲಿನಲ್ಲಿ ಕೇಳಿದ್ದೆ. ಕೈಯಲ್ಲಿದ್ದ ರೊಟ್ಟಿಯೊಂದಿಗೇ ಹೊರಗೆ ಓಡಿದೆ.

ಬೀದಿಯ ತಿರುವಿನಲ್ಲಿ ಮೊದಲು ಮೂತಿ ಕಾಣಿಸಿತು, ಬಹಳ ಹೊತ್ತು ಮೂತಿಯೇ ಕಾಣಿಸುತ್ತಿತ್ತು. ಆಮೇಲೆ ಉಳಿದದ್ದು ಬಂತು. ಹೇಗೆ ಹೇಳಲಿ? ನಾನು ಕಾರುಗಳ ಹುಚ್ಚಿನವಳಲ್ಲ. ಮನೆ ಮುಟ್ಟಿಸಿದರೆ ಸಾಕು ಎನ್ನುವವಳು. ಆದರೆ ಆ ಹಸಿರನ್ನು ನೋಡಿದಾಗ ಬಾಯಿ ಕಟ್ಟಿತು. ನಮ್ಮ ಬೀದಿಯ ಬೂದು ಬೆಳಕೆಲ್ಲ ಅದರ ಮೈಮೇಲೆ ಬಿದ್ದು ಬೇರೆಯೇ ಬೆಳಕಾಗಿ ಜಾರುತ್ತಿತ್ತು. ಎರಡು ಸಾಲು ಕಾರುಗಳ ನಡುವೆ ಅದು ಅವಸರವಿಲ್ಲದೆ ಬರುತ್ತಿದ್ದರೆ, ನಿಂತಿದ್ದ ಕಾರುಗಳೆಲ್ಲ ಗೋಡೆಗೆ ಸರಿದು ದಾರಿ ಬಿಟ್ಟಂತೆ ಕಾಣುತ್ತಿದ್ದವು. ಎದುರು ಮನೆಯ ಪಂಜಾಬಿ ಅಜ್ಜಿ ಬಾಗಿಲಿಗೆ ಬಂದರು. ಒಂದೊಂದೇ ಬಾಗಿಲು ತೆರೆಯಿತು. ಇಷ್ಟು ವರ್ಷ ಬಾಯಿಮಾತಿನಲ್ಲಿದ್ದದ್ದು, ನಾನು ಸುಳ್ಳೆಂದದ್ದು, ಈಗ ಕಣ್ಣೆದುರು ಉಸಿರಾಡುತ್ತ ಬರುತ್ತಿತ್ತು. ನನಗೆ ಅಳು ಬಂತು. ಯಾಕೆಂದು ಆಗಲೂ ಕೇಳಿಕೊಳ್ಳಲಿಲ್ಲ, ಈಗಲೂ ಕೇಳಿಕೊಳ್ಳುವುದಿಲ್ಲ.

“ಆನಿ ಬಂದಂಗ ಬಂತಲ್ಲವಾ,” ಅಂದರು ನನ್ನ ಹಿಂದೆ ಬಂದ ಅತ್ತೆ, ಹಿಟ್ಟಿನ ಕೈಯನ್ನು ಗಲ್ಲಕ್ಕೆ ಹಚ್ಚಿಕೊಂಡು.

ಕಾಕಾ ಗೇಟಿನಲ್ಲಿ ನಿಂತಿದ್ದರು. ಕಾರು ಅವರ ಮುಂದೆ ನಿಂತಿತು. ಎಂಜಿನ್ ಆರಿಸದೆಯೇ ಎಡಗಡೆಯ ಬಾಗಿಲಿನಿಂದ ಒಬ್ಬ ಇಳಿದ. ಫೋಟೋದಲ್ಲಿದ್ದ ಮುಖ ಗಂಟಿನ ಹುಡುಗ, ಈಗ ತಲೆ ಬೋಳಾಗಿ, ಹೊಟ್ಟೆ ಬಂದು, ನಡುವಯಸ್ಸಿನವನಾಗಿದ್ದ. ಅಪ್ಪನ ಹತ್ತಿರ ಮೆಲ್ಲಗೆ ಬಂದು, ಕಿವುಡರಿಗೆ ಹೇಳುವಂತೆ ಒಂದೊಂದೇ ಮಾತನ್ನು ಬಿಡಿಸಿ ಗಟ್ಟಿಯಾಗಿ ಕೇಳಿದ: “ಅಪ್ಪಾ. ನಾನು. ಯಾರು ಅಂತ. ಗೊತ್ತಾಯಿತಾ?”

ಕಾಕಾ ಅವನನ್ನು ನೋಡಲಿಲ್ಲ. ತಲೆ ಓರೆ ಮಾಡಿ ಎಂಜಿನ್ ಆಲಿಸುತ್ತಿದ್ದರು. “ಒಂದು ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ,” ಅಂದರು. “ಎಷ್ಟು ದಿನದಿಂದ ಹೀಗೆ ಓಡಿಸುತ್ತಿದ್ದೀಯ?”

ಮಗ ಬೆಪ್ಪಾಗಿ ನಿಂತ. ಆಮೇಲೆ ಜೇಬಿನಿಂದ ಲಕೋಟೆ ತೆಗೆದು ಎಲೆಗಳನ್ನು ಅಂಗೈಗೆ ಸುರಿದುಕೊಂಡ. ಒಣಗಿ ಅಂಚು ಮುದುಡಿದ್ದವು. “ಹಾಗಾದರೆ ಇದೇನು? ಪತ್ರವಿಲ್ಲ, ಏನಿಲ್ಲ, ಬೇಲಿ ಎಲೆ! ನಿಮಗೆ ಮರೆವಿನ ಕಾಯಿಲೆ ಹಿಡಿದಿದೆ, ಏನೇನೋ ಮಾಡುತ್ತಿದ್ದೀರಿ ಅಂದುಕೊಂಡೆ. ರಾತ್ರಿಯೆಲ್ಲ ನಿದ್ದೆ ಮಾಡಲಿ ಹೇಗೆ?”

ಕಾಕಾ ನಮ್ಮ ಕಡೆ ನೋಡಿದರು. ಮಗನೂ ನಮ್ಮ ಕಡೆ ನೋಡಿದ. ಬೀದಿಯೇ ನಮ್ಮ ಕಡೆ ನೋಡಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ನನ್ನ ಗಂಡ ತಮ್ಮ ಜುಬ್ಬಾದ ಜೇಬು ಸವರಿಕೊಂಡರು. ಮುಂದೆ ಬಂದು, ತಡವರಿಸುತ್ತ, ದಸರೆ, ಬನ್ನಿ, ಬಂಗಾರ, ಜಗಳ ಮುಗಿಯುವುದು, ಎಲ್ಲವನ್ನೂ ಹೇಳಿದರು. ಕೇಳುತ್ತ ಕೇಳುತ್ತ ಮಗ ನಗತೊಡಗಿದ. ಫುಟ್‌ಪಾತಿನ ಅಂಚಿನಲ್ಲಿ ಕೂತು ಕಣ್ಣೊರೆಸಿಕೊಂಡು ನಕ್ಕ. ನಗು ನಿಂತರೂ ಕಣ್ಣು ಒಣಗಲಿಲ್ಲ.

“ಇದನ್ನು ಯಾಕೆ ತಂದೆ?” ಕಾಕಾ ಬಾನೆಟ್ಟಿನ ಮೇಲೆ ಕೈಯಿಟ್ಟು ಕೇಳಿದರು. “ಅಷ್ಟು ದೂರದಿಂದ, ಸಿಲಿಂಡರ್ ಹೀಗಿರುವಾಗ, ರೈಲಿನಲ್ಲಿ ಬರಬಹುದಿತ್ತು.”

ಕಾರಿಲ್ಲದೆ ಕಾಲಿಡಬೇಡ ಎಂದಿದ್ದಿರಲ್ಲ ಎಂದು ಅವನು ಎಲ್ಲಿ ಅಂದುಬಿಡುತ್ತಾನೋ ಎಂದು ನಾನು ಉಸಿರು ಹಿಡಿದಿದ್ದೆ. ಅವನು ಹಾಗೆ ಅನ್ನಲಿಲ್ಲ.

“ನೀವು ನನ್ನನ್ನು ಮರೆತಿದ್ದರೂ ಇದರ ಸದ್ದು ಮರೆತಿರುವುದಿಲ್ಲ ಅಂತ,” ಅಂದ.

ಕಾಕಾ ಕಾರಿನ ಸುತ್ತ ಒಂದು ಸುತ್ತು ಬಂದರು. ಬಗ್ಗಿ ಚಕ್ರದ ಮೇಲಿನ ಕಮಾನಿನ ಒಳಗೆ ಬೆರಳಾಡಿಸಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. ತುಕ್ಕಿರಲಿಲ್ಲ. ಅತ್ತೆಯ ಕಡೆ ತಿರುಗಿ ಆ ಬೆರಳನ್ನು ತೋರಿಸಿದರು. ಅತ್ತೆಗೆ ಭಾಷೆ ಬೇಕಾಗಲಿಲ್ಲ, ತಲೆಯಾಡಿಸಿದರು. ಆಮೇಲೆ ಕಾಕಾ ಬೇಲಿಯ ಹತ್ತಿರ ಹೋಗಿ ಹೊಸ ಎಲೆ ಕಿತ್ತು ಮಗನ ಕೈಗೆ ಕೊಟ್ಟು, ಇಷ್ಟು ವರ್ಷ ನಮ್ಮ ಬಾಯಲ್ಲಿ ಕೇಳಿದ್ದ ಕನ್ನಡದ ಮಾತನ್ನು ಹೇಳಲು ಹೋದರು. ‘ಬನ್ನಿ’ ಎಂಬುದು ಹೊರಟಿತು. ‘ಬಂಗಾರ’ಕ್ಕೆ ಬರುವ ಮೊದಲೇ ಎಲೆಯ ಮೇಲೆ ಮಗನ ಬೆರಳುಗಳನ್ನು ಮಡಚಿಬಿಟ್ಟರು.

ನನ್ನ ಕೈಯಲ್ಲಿದ್ದ ರೊಟ್ಟಿಯನ್ನು ಅತ್ತೆ ಕಸಿದುಕೊಂಡು, ಒಂದು ತುಂಡು ಮುರಿದು ಮಗನಿಗೆ ನಿವಾಳಿಸಿದರು. ದೂರದಿಂದ ಬಂದವರನ್ನು ಹಾಗೇ ಒಳಗೆ ಕರೆಯುವುದು ಅವರ ಶಾಸ್ತ್ರದಲ್ಲಿಲ್ಲ. ಇನ್ನೊಂದು ತುಂಡು ಮುರಿದು ಕಾರಿಗೂ ನಿವಾಳಿಸಿದರು. “ಎಷ್ಟ ಮಂದಿ ಕಣ್ಣ ಬಿದ್ದಾವ ಇದಕ್ಕ,” ಅಂದರು. ಅದರಲ್ಲಿ ನನ್ನ ಕಣ್ಣೂ ಇತ್ತು, ಒಪ್ಪುತ್ತೇನೆ.

ಮಗ ಎದ್ದು, ತೆರೆದೇ ಇದ್ದ ಎಡಗಡೆಯ ಬಾಗಿಲನ್ನು ಅಪ್ಪನಿಗಾಗಿ ಹಿಡಿದು ನಿಂತ. ಎಂಜಿನ್ ಇನ್ನೂ ಗುಡುಗುತ್ತಿತ್ತು. “ಓಡಿಸಿ,” ಅಂದ.

ಕಾಕಾ ಆ ಸೀಟನ್ನು, ಆ ಸ್ಟಿಯರಿಂಗನ್ನು ನೋಡಿದರು. ಹೆಂಡತಿಗೂ ಬಿಟ್ಟುಕೊಡದ ಸ್ಟಿಯರಿಂಗ್. ಚಪ್ಪಲಿ ಕಾಲಿನಲ್ಲೇ ಕಾರಿನ ಉದ್ದ ಮೂತಿಯನ್ನು ಸುತ್ತಿಕೊಂಡು, ಬಲಗಡೆಯ ಬಾಗಿಲು ತೆಗೆದು, ಹೆಂಡತಿ ಕೂರುತ್ತಿದ್ದ ಜಾಗದಲ್ಲಿ ಕೂತರು. ಮಗ ಎಡಗಡೆಯಿಂದ ಹತ್ತಿದ.

ಅವರು ಬೀದಿಯ ಕೊನೆಯವರೆಗೆ ಹೋಗಿ ತಿರುಗಿಸಿಕೊಂಡು ಮತ್ತೆ ನಮ್ಮ ಮುಂದೆಯೇ ಹಾದುಹೋದರು. ಒಳಗೆ ಲೋಟಗಳು ಮತ್ತೆ ಕಿಣಿಗುಟ್ಟಿದವು. ಬಲಗಡೆ ಕೂತಿದ್ದ ಕಾಕಾ ನೆಟ್ಟಗೆ ಮುಂದೆ ನೋಡುತ್ತಿದ್ದರು, ಎರಡು ಕೈಗಳನ್ನೂ ತೊಡೆಯ ಮೇಲೆ ಬಿಟ್ಟುಕೊಂಡು.

ಅತ್ತೆ ಕಿಟಾರನೆ ಕಿರುಚಿದರು. ಊರಲ್ಲಾಗಲಿ ಇಲ್ಲಾಗಲಿ ಅವರು ಡ್ರೈವರನನ್ನು ಬಲಗಡೆಯೇ ನೋಡಿದವರು. “ಅಯ್ಯ! ಸಾಹೇಬ್ರು ಕೈ ಬಿಟ್ಟು ಕೂತಾರಲ್ಲೋ! ಅವ್ರ ಮುಂದ ಸ್ಟೇರಿಂಗ ಇಲ್ಲಲ್ಲೋ!”

“ಅವ್ರು ಓಡಸ್ಲಿಕ್ಕತ್ತಿಲ್ಲವಾ,” ಅಂದರು ನನ್ನ ಗಂಡ. “ಮಗಾ ಓಡಸ್ಲಿಕ್ಕತ್ತಾನ.”